ಎಡಕ್ಕೆ ವಾಲಿದ ಸಮುದ್ರ

ಮಕಬೂಲಸಾಬ: ನಾ ಹೇಳೂದು ಹೇಳೇನ್ರಿ ಅಕ್ಕಾರ. ಈ ಸಮುದ್ರ ಹಿಂಗ ಅಚ್ಚು ಹಾಕಿದ್ರ ನೀರೆಲ್ಲಾ ಚೆಲ್ಲಿ ಹೋಗತೈತಿ.

ಸುಹಾಸಿನಿ: ಕಾಗದದ ಮ್ಯಾಲಿನ ನೀರು ಎಲ್ಲಿಗೆ ಚೆಲ್ಲತೈತ್ರಿ?

ಮಕಬೂಲಸಾಬ: ಎಡಕ್ಕ.

ಸುಹಾಸಿನಿ: ನಿಮ್ಮ ಕುತ್ತಿಗಿ ವಾರಿ ಆಗಿರಬೇಕು. ನೆಟ್ಟಗ ಕುಂತು ನೋಡ್ರಿ.

ಮಕಬೂಲಸಾಬ: ಕುಂತು ನೋಡಿದೆ, ನಿಂತು ನೋಡಿದೆ, ಪ್ರೆಸ್ಸಿನ್ಯಾಗ ಮಸಿ ಹಚ್ಚೋ ಬಡೇಸಾಬಗ ತೋರಿಸಿ ನೋಡಿದೆ. ಅವನೂ ಎಡಕ್ಕ ಅಂದ.

ಹುಬ್ಬಳ್ಳಿಯ ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ, ಅರಳೆ ವ್ಯಾಪಾರಿ ಸಿದ್ದಲಿಂಗಪ್ಪನ ಮನೆಯ ಪಡಸಾಲೆಯಲ್ಲಿ ಈ ವಾದ ನಡೆದಿತ್ತು. ಜಮಖಾನೆಯ ಮೇಲೆ, ಪ್ರೆಸ್ಸಿನ ಮಕಬೂಲಸಾಬ ತಂದ, ಮಸಿಯ ವಾಸನೆ ಇನ್ನೂ ಹೋಗದ ಪ್ರೂಫಿನ ಹಾಳೆಗಳು ಸಾಲಾಗಿ ಮಲಗಿದ್ದವು. ಪ್ರತಿಯೊಂದರಲ್ಲೂ ಒಂದು ಸಮುದ್ರ, ಒಂದಿಷ್ಟು ಬಂಡೆ, ಬಂಡೆಯ ಮೇಲೆ ಏನೂ ಇಲ್ಲ. ಪುಸ್ತಕದ ಹೆಸರು ‘ಹಕ್ಕಿಗುಡ್ಡ ದ್ವೀಪದ ದೃಶ್ಯಗಳು’. ಚಿತ್ರ ತೆಗೆದವಳು ಸುಹಾಸಿನಿ, ಅರಿಕೆ ಬರೆದವಳು ಸುಹಾಸಿನಿ, ಪ್ರಕಾಶಕಿಯೂ ಸುಹಾಸಿನಿಯೇ. ಯಾಕೆಂದರೆ ಬೇರೆ ಯಾರೂ ಮುಂದೆ ಬರಲಿಲ್ಲ. ಗಂಡ ಸಿದ್ದಲಿಂಗಪ್ಪ “ನಿನಗ ತಿಳದಂಗ ಮಾಡು” ಎಂದು ಹೇಳಿ ಅಂಗಡಿಗೆ ಹೋಗಿದ್ದ. ಮದುವೆಯಾದಾಗಿನಿಂದ ಇಡೀ ಸಂಸಾರವನ್ನು ಆತ ಆ ಒಂದು ಮಾತಿನಲ್ಲೇ ನಡೆಸಿಕೊಂಡು ಬಂದಿದ್ದ.

ದ್ವೀಪಕ್ಕೆ ಹೋದದ್ದೂ ಅವಳಿಗೆ ತಿಳಿದ ಹಾಗೆಯೇ. ಹಿಂದಿನ ವರ್ಷ ಮಗಳು ಮುರಿಗೆವ್ವನಿಗೆ ನಾಯಿಕೆಮ್ಮು ಹತ್ತಿದಾಗ ಡಾಕ್ಟರರು ಸಮುದ್ರದ ಗಾಳಿ ಒಳ್ಳೆಯದು ಎಂದಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಕಾರವಾರದ ದಂಡೆ. ಆದರೆ ಸುಹಾಸಿನಿ ಪುಣೆಯಲ್ಲಿ ಮ್ಯಾಟ್ರಿಕ್ ಮುಗಿಸಿ ಬಂದವಳು. ಒಂದು ಬದಿಯಿಂದ ಬರುವ ಗಾಳಿಯೇ ಒಳ್ಳೆಯದಾದರೆ ನಾಲ್ಕೂ ಬದಿಯ ಗಾಳಿ ನಾಲ್ಕು ಪಟ್ಟು ಒಳ್ಳೆಯದಿರಬೇಕು ಎಂದು ತರ್ಕ ಮಾಡಿದಳು. ಹೀಗಾಗಿ ಕೂಸು, ಅತ್ತೆ, ಒಂದು ಬುಟ್ಟಿ ಜೋಳದ ರೊಟ್ಟಿ, ಅಣ್ಣ ಕೊಟ್ಟ ಡಬ್ಬಿ ಕ್ಯಾಮೆರಾ, ಇಷ್ಟನ್ನೂ ಕಟ್ಟಿಕೊಂಡು ಕಾರವಾರದಿಂದ ಅರ್ಧ ದಿನದ ದೋಣಿಯ ದಾರಿ ದಾಟಿ, ಒಂದು ದೀಪಸ್ತಂಭ ಬಿಟ್ಟರೆ ಮತ್ತೇನೂ ಇಲ್ಲದ ಹಕ್ಕಿಗುಡ್ಡಕ್ಕೆ ಹೋಗಿ ಇಳಿದಳು. ಗಾಳಿ ಅವಳು ಬಯಸಿದ್ದಕ್ಕಿಂತ ಚೆನ್ನಾಗಿಯೇ ಬೀಸಿತು. ವಾಪಸು ಕರೆದೊಯ್ಯಬೇಕಾದ ದೋಣಿ ವಾರವಾದರೂ ಬರಲಿಲ್ಲ.

ಕೆಮ್ಮು ಹೋಯಿತು. ಆದರೆ ಧಾರವಾಡದ ಮಹಿಳಾ ಸಮಾಜದಲ್ಲಿ ಅವಳಿಗೆ ಬಿದ್ದ ‘ಕೆಮ್ಮಿನ ಕೂಸಿನ ತಾಯಿ’ ಎಂಬ ಹೆಸರು ಹೋಗಲಿಲ್ಲ. ಅಲ್ಲಿ ಒಬ್ಬರು ವೀಣೆ ನುಡಿಸುವವರು, ಒಬ್ಬರು ಇಂಗ್ಲಿಷಿನಲ್ಲಿ ಭಾಷಣ ಮಾಡುವವರು, ಇವಳೊಬ್ಬಳು ಕೆಮ್ಮಿನವಳು. ಬರುವ ಸಭೆಯಲ್ಲಿ ಈ ಪುಸ್ತಕ ಎಲ್ಲರ ಕೈಗೆ ಹೋಗಬೇಕು, ಅಂದಿನಿಂದ ತಾನು ಬರೀ ಸುಹಾಸಿನಿಯಾಗಬೇಕು ಎಂಬುದು ಅವಳ ಹಂಚಿಕೆ. ಅದಕ್ಕೇ ಅರಿಕೆಯ ಮೊದಲ ಸಾಲಿನಲ್ಲೇ ಬರೆದಿದ್ದಳು: “ಈ ಪುಸ್ತಕದಲ್ಲಿ ಮನುಷ್ಯರ ನೆರಳೂ ಇಲ್ಲ.” ಮನುಷ್ಯರು ಎಂದರೆ ಮುಖ್ಯವಾಗಿ ಮುರಿಗೆವ್ವ.

ಆ ಮುರಿಗೆವ್ವ ಈಗ ಅಜ್ಜಿಯ ತೊಡೆಯ ಮೇಲೆ ಕುಳಿತಿದ್ದಳು. ಅಜ್ಜಿ ಶಿವಬಸವ್ವ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಿದ್ದಳು.

ಸುಹಾಸಿನಿ: ಅತ್ತೀ, ಕೂಸಿನ ಮೂಗಿನ್ಯಾಗ ಕಾಳು ಹೋದೀತು.

ಶಿವಬಸವ್ವ: ನಿನ್ನ ಗಂಡನ ಮೂಗಿನ್ಯಾಗೂ ಹೋಗಿತ್ತು. ಸೀನಿದ, ಹೊರಗ ಬಂತು. ನೀ ಅತ್ತಾಗ ಸಮುದ್ರ ನೋಡ್ಕೋ, ಚೆಲ್ಲಾಕತ್ತೈತಂತ.

ಸುಹಾಸಿನಿ: ನೀವೂ ಹಂಗ ಅಂತೀರೇನು?

ಶಿವಬಸವ್ವ: ನಾ ಏನಂದೆ? ನೀರು ನೋಡಾಕ ನಮಗ ಉಣಕಲ್ ಕೆರಿ ಐತಿ. ಕಲ್ಲು ನೋಡಾಕ ಅದರ ದಂಡಿ ಐತಿ. ಇದನ್ನ ಯಾರು ನೋಡ್ತಾರ ಅಂತ ಕೇಳಿದೆ ಅಷ್ಟ.

ಸುಹಾಸಿನಿ: ಅದು ಬ್ಯಾರೆ ನೀರು ಅತ್ತೀ. ಅಲ್ಲಿ ಏಕಾಂತ ಐತಿ.

ಶಿವಬಸವ್ವ: ಅಲ್ಲೆಲ್ಲಿತ್ತವಾ ಏಕಾಂತ? ನಾ ಇದ್ನೆಲ್ಲ. ಕೂಸು ಕೆಮ್ಮತಿತ್ತು, ನೀ ಅಳತಿದ್ದಿ, ನಾ ಇಬ್ಬರ ಬೆನ್ನೂ ತಿಕ್ಕತಿದ್ದೆ. ಸಂತ್ಯಾಗೂ ಅಷ್ಟು ಗದ್ದಲ ಇರಂಗಿಲ್ಲ.

ಮಕಬೂಲಸಾಬ: ಅವ್ವಾರ ಮಾತಿನ್ಯಾಗ ಖರೇ ಐತ್ರಿ. ಪುಸ್ತಕ ಅಂದ ಮ್ಯಾಲ ಮದಲನೇ ಪುಟಕ್ಕ ಒಂದು ಮುಖ ಬೇಕು. ಸ್ವಾಮಿಗಳದ್ದು ಹಾಕ್ರಿ, ಇಲ್ಲಾಂದ್ರ ಮಾವನವರದ್ದು ಹಾಕ್ರಿ. ಅದೂ ಇಲ್ಲಾಂದ್ರ ನಮ್ಮ ಪ್ರೆಸ್ಸಿನ್ಯಾಗ ರುಮಾಲು ಸುತ್ತಿದ ಹಿರ್ಯಾರೊಬ್ಬರ ಚಿತ್ರದ ಅಚ್ಚಿನ ಬ್ಲಾಕು ಐತಿ. ಯಾರಂತ ನನಗೂ ಗೊತ್ತಿಲ್ಲ. ಭಾಳ ಗಂಭೀರ ಅದಾರ. ಹಿಂದ ಬ್ಯಾರೆ ಬ್ಯಾರೆ ಪುಸ್ತಕಕ್ಕ ಹಾಕೇವಿ, ಯಾರೂ ತಕರಾರು ತಗದಿಲ್ಲ.

ಸುಹಾಸಿನಿ: ನನ್ನ ಪುಸ್ತಕದಾಗ ಮನಷ್ಯಾರು ಬ್ಯಾಡ್ರಿ. ಮತ್ತ ಸಮುದ್ರದ ಸುತ್ತ ಈ ಗಿಳಿ ಯಾಕ ಕುಂತಾವು?

ಮಕಬೂಲಸಾಬ: ಅಂಚು ಬರಿದ ಇತ್ತಲ್ರಿ. ಲಗ್ನಪತ್ರದ ಗಿಳಿ ಅವು. ಛಲೋ ಕಾಲ್ಗುಣ.

ಸುಹಾಸಿನಿ: ಗಿಳಿ ತಗೀರಿ.

ಮಕಬೂಲಸಾಬ: ಗಿಳಿ ಹಾರಿಸ್ತೇನಿ. ಆದ್ರ ಸಮುದ್ರ ನೆಟ್ಟಗ ಮಾಡೂದು ನನ್ನ ಕೈಯಾಗಿಲ್ರಿ. ಬ್ಲಾಕು ಮುಂಬೈದಾಗ ಮಾಡಿಸಿದ್ದು, ತಗಡು ಅದು, ಹಿಟ್ಟಲ್ಲ ತಿದ್ದಾಕ. ಬ್ಲಾಕು ಸೊಟ್ಟ ಕೂಡ್ರಿಸಿದ್ರ ಸಮುದ್ರ ನೆಟ್ಟಗ ಆಗತೈತಿ, ಚೌಕಟ್ಟು ಸೊಟ್ಟ ಆಗತೈತಿ. ಸುತ್ತಲೂ ಕತ್ತರಿಸಿದ್ರ ದೀಪಸ್ತಂಭದ ತಲಿ ಹೋಗತೈತಿ. ತಲಿ ಬೇಕೋ, ನೀರು ಬೇಕೋ, ಇವತ್ತ ಹೇಳ್ರಿ. ನಾಳೆ ಮಶೀನಿಗೆ ಏರಸಬೇಕು.

ಸುಹಾಸಿನಿ ಮಂಡಿಯೂರಿ ಹಾಳೆಗಳ ಮೇಲೆ ಬಗ್ಗಿದಳು. ಮನೆಯಲ್ಲಿ ಈ ಚಿತ್ರಗಳನ್ನು ಎಷ್ಟು ಸಲ ನೋಡಿಲ್ಲ? ಸಭೆಯಲ್ಲಿ ವೀಣೆಯವರು ಹೀಗೆ ಕೈಗೆತ್ತಿಕೊಳ್ಳುತ್ತಾರೆ, ಭಾಷಣದವರು ಹೀಗೆ ತಲೆದೂಗುತ್ತಾರೆ ಎಂದು ಕನಸು ಕಂಡು ಮುಗಿಸಿದ್ದಳು. ಆಗೆಲ್ಲ ಸಮುದ್ರ ನೆಟ್ಟಗೇ ಇತ್ತು. ಈಗ ಜಮಖಾನೆಯ ಮೇಲೆ ನೋಡಿದರೆ, ದೇವರಾಣೆ, ಕಣ್ಣಿಗೆ ಬಿದ್ದ ಚಿತ್ರಗಳಲ್ಲೆಲ್ಲ ಕಡಲು ಎಡಕ್ಕೆ ಇಳಿಜಾರಾಗಿತ್ತು. ಬಲಗಡೆ ಒಂದು ಗೋಲಿ ಇಟ್ಟರೆ ಉರುಳುತ್ತ ಹೋಗಿ ಎಡಗಡೆ ಬೀಳುವಷ್ಟು.

ಸುಹಾಸಿನಿ: ಅಲ್ಲಿಯ ನೆಲ ಇಳಿಜಾರು ಇತ್ತು ಕಾಣತೈತಿ.

ಮಕಬೂಲಸಾಬ: ನೆಲ ಇದ್ದೀತು. ನೀರು ಹೆಂಗ ಇರತೈತ್ರಿ?

ಸುಹಾಸಿನಿ: ಹಂಗಾರ ಕ್ಯಾಮೆರಾದ್ದ ದೋಷ.

ಮಕಬೂಲಸಾಬ: ಇರಬಹುದ್ರಿ. ಡಬ್ಬೀನ ಹುಟ್ಟಾ ಸೊಟ್ಟ ಇರಬೇಕು. ಇನ್ನೊಂದು ಮಾತು, ಸಿಟ್ಟಿಗೇಳಬಾರದು. ಮುಖಪುಟದ ಮೂಲ್ಯಾಗ ಒಂದು ಬಿಳಿ ಕಲೆ ಬಿದ್ದೈತಿ. ಅಷ್ಟು ಕತ್ತರಿಸಿಬಿಡ್ಲೇನ್ರಿ?

ಸುಹಾಸಿನಿ: ಕಲೆ ಅಲ್ರಿ ಅದು, ಹಕ್ಕಿ. ಕೆಳಗ ಬರದೇನಲ್ಲ, ‘ಒಂಟಿ ಹಕ್ಕಿ’ ಅಂತ.

ಮಕಬೂಲಸಾಬ: ಹೌದ್ರಿ, ಅರಿಕ್ಯಾಗೂ ಬರದೀರಿ. ನಾನ ಅಚ್ಚಿನ ಮೊಳಿ ಜೋಡಿಸೇನಿ. “ಆ ಒಂಟಿ ಹಕ್ಕಿಯು ರೆಕ್ಕೆ ಬಿಚ್ಚುವ ಕ್ಷಣಕ್ಕಾಗಿ ನಾನು ಉಸಿರು ಬಿಗಿಹಿಡಿದು ಕಾದೆನು.” ಭಾಳ ಹೊತ್ತು ಕಾದ್ರೇನ್ರಿ?

ಸುಹಾಸಿನಿ: ಭಾಳ ಹೊತ್ತು.

ಶಿವಬಸವ್ವ ಮೊರವನ್ನು ಒಮ್ಮೆ ಜೋರಾಗಿ ಕೇರಿದಳು. ಅಷ್ಟರಲ್ಲಿ ಮುರಿಗೆವ್ವ ಅಜ್ಜಿಯ ತೊಡೆಯಿಂದ ಜಾರಿ, ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಬಂದು, ಒಂದು ಸಮುದ್ರದ ಮೂಲೆಯನ್ನು ಹರಿದು ಬಾಯಿಗೆ ಹಾಕಿಕೊಂಡಳು.

ಸುಹಾಸಿನಿ: ಅಯ್ಯ, ಉಗಳ, ಉಗಳ ಚಿನ್ನೀ. ಮಕಬೂಲಸಾಬರ, ಮಸಿಯಾಗ ವಿಷ ಇರತೈತೇನ್ರಿ?

ಮಕಬೂಲಸಾಬ: ಏನೂ ಆಗಂಗಿಲ್ರಿ. ಮನ್ನೆ ನಮ್ಮ ಆಡು ಒಂದು ಕಟ್ಟು ಲಗ್ನಪತ್ರ ತಿಂತು. ಛಲೋ ಹಾಲು ಕೊಡಾಕತ್ತೈತಿ.

ಸುಹಾಸಿನಿ: ಆಡಿನ ಹೊಟ್ಟಿ ಬ್ಯಾರೆ, ಕೂಸಿನ ಹೊಟ್ಟಿ ಬ್ಯಾರೆ ಅಲ್ರೀ? ಅತ್ತೀ, ಡಾಕ್ಟರಗ ಹೇಳಿ ಕಳಸೂಣೇನು?

ಶಿವಬಸವ್ವ: ಏನಂತ ಹೇಳಿ ಕಳಸ್ತೀ? ಕೂಸು ಸಮುದ್ರ ನುಂಗೈತಿ ಅಂತೇನು? ಕೊಡ ಇಲ್ಲೆ.

ಶಿವಬಸವ್ವ ಕೂಸಿನ ಬಾಯಲ್ಲಿ ಬೆರಳು ಹಾಕಿ ಕಡಲಿನ ತುಣುಕನ್ನು ಹೊರಗೆ ತೆಗೆದಳು, ಮೊಮ್ಮಗಳನ್ನು ಮತ್ತೆ ತೊಡೆಗೆ ಎಳೆದುಕೊಂಡಳು. ಆಮೇಲೆ ಹಾಳೆಗಳತ್ತ ಒಮ್ಮೆ, ಸೊಸೆಯತ್ತ ಒಮ್ಮೆ ನೋಡಿ, ಉಪ್ಪು ಎಷ್ಟು ಹಾಕಿದಿ ಎಂದು ಕೇಳುವ ದನಿಯಲ್ಲಿ ಕೇಳಿದಳು.

ಶಿವಬಸವ್ವ: ಅಲ್ಲ ಸುಹಾಸೀ, ಅಲ್ಲಿ ಕೂಸನ್ನ ಯಾವ ಬಗಲಾಗ ಹೊತ್ಕೊಂತಿದ್ದಿ?

ಸುಹಾಸಿನಿ: ಎಡಕ್ಕ. ಯಾಕ?

ಶಿವಬಸವ್ವ: ಕೆಳಗ ಇಳಸ್ತಿದ್ದೇನು?

ಸುಹಾಸಿನಿ: ಎಲ್ಲಿ ಇಳಸ್ಲಿ ಅತ್ತೀ? ಸುತ್ತಲೂ ನೀರು. ಕೆಮ್ಮು ಬ್ಯಾರೆ. ಒಂದ ಕೈಲೆ ಕೂಸು, ಒಂದ ಕೈಲೆ ಕ್ಯಾಮೆರಾ…

ಮಕಬೂಲಸಾಬ ಮೆಲ್ಲಗೆ ಎದ್ದ. ಎಡ ಸೊಂಟವನ್ನು ಹೊರಚಾಚಿ, ಅಲ್ಲೊಂದು ಕೂಸು ಇದೆ ಎಂಬಂತೆ ತೋಳು ಬಳಸಿ, ಬಲಕ್ಕೆ ವಾಲಿ, ಬಲಗೈಯಲ್ಲಿ ತನ್ನ ಚಸ್ಮಾದ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡ. ಡಬ್ಬಿ ಬಲಕ್ಕೆ ಬಾಗಿತು.

ಮಕಬೂಲಸಾಬ: ಡಬ್ಬಿ ಬಲಕ್ಕ ಬಾಗಿದ್ರ ಸಮುದ್ರ ಎಡಕ್ಕ ಇಳಿತೈತಿ. ಅಕ್ಕಾರ, ಪುಸ್ತಕದ ತುಂಬ ನಿಮ್ಮ ಮಗಳ ತೂಕ ಐತ್ರಿ.

ಸುಹಾಸಿನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮನುಷ್ಯರ ನೆರಳೂ ಇಲ್ಲವೆಂದು ಅಚ್ಚು ಹಾಕಿಸಿದ್ದಳು. ಇನ್ನು ಧಾರವಾಡದ ಹೆಂಗಸರು, ಬಗಲಲ್ಲಿ ಕೂಸು ಹೊತ್ತು ಸಾಕಿದವರು, ಮೊದಲ ಪುಟ ತೆರೆದ ಕೂಡಲೇ ಹೇಳುತ್ತಾರೆ: ಇದು ಕೆಮ್ಮಿನ ಕೂಸಿನ ತಾಯಿಯ ಸಮುದ್ರ.

ಮಕಬೂಲಸಾಬ: ಎದಿ ಒಡಕೋಬ್ಯಾಡ್ರಿ. ಇಲ್ಲಿ ನೋಡ್ರಿ, ಇದೊಂದು ನೆಟ್ಟಗೈತಿ. ಮುಖಪುಟದ್ದು. ದಾರ ಹಿಡದು ನೋಡಿದ್ರೂ ಕೂದಲೆಳಿ ವ್ಯತ್ಯಾಸ ಇಲ್ಲ.

ಸುಹಾಸಿನಿ: ಕೊಡ್ರಿ ಇಲ್ಲೆ. ನೋಡಿದ್ರಿಲ್ಲ? ನನಗ ನೆಟ್ಟಗ ತಗಿಯಾಕ ಬರತೈತಿ. ಹಕ್ಕೀಗೆ ಅಂತ ಕಾದೆ ಅಂದ್ನೆಲ್ಲ, ಅದಕ್ಕ ಇದು…

ಮಕಬೂಲಸಾಬ: ಏನಾತ್ರಿ?

ಸುಹಾಸಿನಿ: ಸಮುದ್ರ ನೆಟ್ಟಗೈತಿ.

ಮಕಬೂಲಸಾಬ: ನಾನೂ ಅದನ್ನ ಹೇಳಾಕತ್ತೇನಿ.

ಸುಹಾಸಿನಿ: ಹಂಗಾರ ಕೂಸು ನನ್ನ ಬಗಲಾಗ ಇದ್ದಿಲ್ಲ.

ಮಕಬೂಲಸಾಬ: ಇದ್ದಿಲ್ರಿ. ಅದಕ್ಕ ಛಲೋ ಬಂದೈತಿ.

ಸುಹಾಸಿನಿ: ಎಲ್ಲಿತ್ತು?

ಮಕಬೂಲಸಾಬ: ಏನ್ರಿ?

ಸುಹಾಸಿನಿ: ಕೂಸು, ಮಕಬೂಲಸಾಬರ, ಕೂಸು. ಈ ಚಿತ್ರ ತಗಿಯೂ ಮುಂದ ಕೂಸು ಎಲ್ಲಿತ್ತು?

ಮಕಬೂಲಸಾಬ: ಇಲ್ಲೇ ಐತಲ್ರಿ. ಅವ್ವಾರ ತೊಡಿ ಮ್ಯಾಲ ಕುಂತು ಕಾಳು ಮುಕ್ಕಾಕತ್ತೈತಿ.

ಸುಹಾಸಿನಿ: ಈಗ ಐತ್ರಿ. ಆವಾಗ ಎಲ್ಲಿತ್ತು?

ಚಿತ್ರದಲ್ಲಿ ಒಂದು ಬಂಡೆಯ ಅಂಚಿತ್ತು, ಅಂಚಿನಾಚೆ ಬರೀ ಕಡಲು. ಹೋದ ವರ್ಷದ ಮುರಿಗೆವ್ವ ಆ ಅಂಚಿನತ್ತ ಅಂಬೆಗಾಲಿಕ್ಕುತ್ತ ಹೋಗುತ್ತಿರುವುದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಈ ವರ್ಷದ ಮುರಿಗೆವ್ವ ಎದುರಿಗೇ ಕುಳಿತು ಚಪ್ಪಾಳೆ ತಟ್ಟುತ್ತಿದ್ದುದು ಆ ಹೆದರಿಕೆಗೆ ಉತ್ತರವೆನಿಸಲಿಲ್ಲ.

ಸುಹಾಸಿನಿ: ಬಂಡೀ ಮ್ಯಾಲ ಬಿಟ್ಟಿದ್ನೇನು? ನಾ ಬಿಡಾಕಿ ಅಲ್ಲ. ದೀಪ ಹಚ್ಚೋ ಮನಷ್ಯಾನ ಕೈಯಾಗ ಕೊಟ್ಟಿದ್ನೇನು? ಅವನ ಕೈಯೆಲ್ಲಾ ಚಿಮಣಿ ಎಣ್ಣಿ ಇರತಿತ್ತು. ಹಕ್ಕಿ ನೋಡ್ಕೋತ ಕೂಸಿನ ಮರತುಬಿಟ್ಟಿದ್ನೇನ್ರಿ? ಒಂದು ಹಕ್ಕಿ ಸಲುವಾಗಿ?

ಮಕಬೂಲಸಾಬ: ಮರತಿದ್ರೂ ಸಿಕ್ಕೈತಲ್ರಿ ಅಕ್ಕಾರ. ವರ್ಷ ಆತು.

ಸುಹಾಸಿನಿ: ಸಿಕ್ಕೂದು ಬ್ಯಾರೆ ಮಾತು. ಅತ್ತೀ, ನೀವು ಹಿಡಕೊಂಡಿದ್ರೇನು? ನಿಮ್ಮ ಬಗಲಾಗ ಇತ್ತೇನು?

ಶಿವಬಸವ್ವ: ಇಲ್ಲ.

ಶಿವಬಸವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊಟ್ಟೆ ಕುಲುಕಾಡತೊಡಗಿತು, ಮೇಲೆ ಕುಳಿತಿದ್ದ ಮೊಮ್ಮಗಳೂ ಕುಲುಕಾಡಿದಳು.

ಶಿವಬಸವ್ವ: ನನ್ನ ಬಗಲಾಗ ಹೆಂಗ ಇರತೈತವಾ? ನನ್ನ ಕೈಯಾಗ ನಿನ್ನ ಡಬ್ಬಿ ಇತ್ತು.

ಸುಹಾಸಿನಿ: ಡಬ್ಬಿ ನಿಮ್ಮ ಕೈಯಾಗ?

ಶಿವಬಸವ್ವ: ಅವತ್ತ ಕೂಸಿನ ಕೆಮ್ಮು ನಿಂತಿತ್ತು ನೋಡು. ನಾಕು ದಿನ ಕಣ್ಣು ಮುಚ್ಚದಾಕಿ ನೀ, ಕೂಸಿಗೆ ಹಾಲು ಕುಡಸ್ಕೋತ ಬಂಡೀಗೆ ಬೆನ್ನು ಹಚ್ಚಿ ಕುಂತಾಕಿ ಹಂಗ ನಿದ್ದಿ ಹೋದಿ. ಕೂಸೂ ನಿದ್ದಿ ಹೋತು. ಇಬ್ಬರ ಬಾಯೂ ತೆರದಿದ್ವು. ಇದನ್ನ ಸಿದ್ದಲಿಂಗಗ ತೋರಸಬೇಕು ಅನ್ನಿಸ್ತು ನನಗ. ಡಬ್ಬಿ ತಗೊಂಡೆ.

ಮಕಬೂಲಸಾಬ: ಅವ್ವಾರ, ನಿಮಗ ಅದು ಬರತಿತ್ತೇನ್ರಿ?

ಶಿವಬಸವ್ವ: ಬರೂದೇನು ಅದರಾಗ? ಮ್ಯಾಲೊಂದು ಸಣ್ಣ ಕನ್ನಡಿ ಐತಿ, ಅದರಾಗ ಬಗ್ಗಿ ನೋಡೂದು. ನೋಡಿದೆ, ಇಬ್ಬರೂ ಕಂಡ್ರಿ. ನಡುವ ತರೂಣು ಅಂತ ಇತ್ತ ಹೊಳ್ಳಿಸಿದ್ರ ನೀವು ಅತ್ತ ಹೋದ್ರಿ. ಅತ್ತ ಹೊಳ್ಳಿಸಿದ್ರ ಇತ್ತ ಹೋದ್ರಿ. ಮಲಗಿದವರು ಹಿಂಗ ಓಡ್ಯಾಡೂದು ನಾ ಎಲ್ಲೂ ಕಂಡಿಲ್ಲ. ಕಡೀಕ ಸಾಕಾಗಿ ಒತ್ತಿಬಿಟ್ಟೆ. ನೀವು ಹೋಗಿದ್ರಿ, ಸಮುದ್ರ ಬಂತು.

ಸುಹಾಸಿನಿ: ಮತ್ತ ಈ ಹಕ್ಕಿ?

ಶಿವಬಸವ್ವ: ಎಲ್ಲೀ ಹಕ್ಕಿ? ಅದು ನಿನ್ನ ಮಗಳ ತಲಿಗೆ ಕಟ್ಟೋ ಕುಂಚಿಗಿ. ನಿಮ್ಮವ್ವ ಕಳಿಸಿದ್ದು, ಬಿಳೀದು. ಹಿಂದಿನ ಬಾಲ ಗಾಳೀಗೆ ಎದ್ದೈತಿ.

ಮೂವರೂ ಹಾಳೆಯ ಮೇಲೆ ಬಗ್ಗಿದರು. ಮೂಲೆಯ ಬಿಳಿಯ ಚೂರು ಒಂದು ಕ್ಷಣ ರೆಕ್ಕೆಯಾಗಿತ್ತು. ಮರುಕ್ಷಣ ಅದು ಕುಂಚಿಗೆಯಾಯಿತು, ಆಮೇಲೆ ಎಷ್ಟು ನೋಡಿದರೂ ಹಕ್ಕಿಯಾಗಲೊಲ್ಲದು.

ಸುಹಾಸಿನಿ: ಇಷ್ಟು ದಿನ ಯಾಕ ಹೇಳಲಿಲ್ಲ ಅತ್ತೀ?

ಶಿವಬಸವ್ವ: ನೀ ಬಂದವರ ಮುಂದೆಲ್ಲಾ ಆ ಹಕ್ಕೀದು, ಅದರ ಒಂಟಿತನದ್ದು ಹೇಳತಿದ್ದಿ. ಸಾಲಿ ಕಲತಾಕಿ, ಕುಂಚಿಗ್ಯಾಗೂ ಏನೋ ಕಂಡಿರಬೇಕು ಅಂದ್ಕೊಂಡು ಸುಮ್ಮಕಾದೆ.

ಮಕಬೂಲಸಾಬ: ಅಕ್ಕಾರ, ಅರಿಕ್ಯಾಗ ನೀವು ಉಸಿರು ಬಿಗಿ ಹಿಡದು ಕಾದದ್ದು…

ಶಿವಬಸವ್ವ: ಗೊರಕಿ ಹೊಡೀತಿದ್ಲು.

ಸುಹಾಸಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಕ್ಕಿಗಾಗಿ ಕಾದದ್ದು ಅವಳಿಗೆ ನೆನಪಿತ್ತು. ಅಲೆಯ ಸದ್ದು, ಉಸಿರಿನ ಬಿಗಿ, ಎಲ್ಲವೂ ನೆನಪಿತ್ತು. ಹೇಳುತ್ತ ಹೇಳುತ್ತ ತಾನೇ ಅಷ್ಟು ಗಟ್ಟಿಯಾಗಿ ನಂಬಿಬಿಟ್ಟಿದ್ದಳು. ತನ್ನ ಪುಸ್ತಕದ ಒಂದೇ ಒಂದು ನೆಟ್ಟಗಿನ ಚಿತ್ರ ತಾನು ನಿದ್ದೆ ಹೋದಾಗ ಬಂದದ್ದು. ಸೆರಗಿನೊಳಗೆ ಮೊದಲು ಅಳು ಬಂತು. ಅದು ಹೊರಗೆ ಬರುವಷ್ಟರಲ್ಲಿ ನಗೆಯಾಗಿತ್ತು.

ಮಕಬೂಲಸಾಬ: ಹಂಗಾರ ಏನು ಮಾಡ್ಲಿ ಹೇಳ್ರಿ. ಹಕ್ಕಿ ಇಡ್ಲೋ, ಕತ್ತರಿಸ್ಲೋ?

ಸುಹಾಸಿನಿ: ಇಡ್ರಿ. ಮದಲನೇ ಸಾಲು ತಗೀರಿ, ಆ ನೆರಳಿಲ್ಲ ಅನ್ನೂದು. ಉಸಿರು ಹಿಡದದ್ದೂ ತಗೀರಿ. ಚಿತ್ರದ ಕೆಳಗ ಅತ್ತೀ ಹೆಸರು ಹಾಕ್ರಿ.

ಶಿವಬಸವ್ವ: ನನ್ನ ಹೆಸರು ಬ್ಯಾಡ. ‘ಒಂಟಿ’ ಅನ್ನೂದೊಂದು ತಗದು ಹಾಕು ಮಕಬೂಲಾ. ಹಕ್ಕಿ ಅಂತ ಬೇಕಾರ ಇರಲಿ. ಒಂಟಿ ಎಲ್ಲಿತ್ತು? ನಾವು ಮೂರೂ ಮಂದಿ ಅಲ್ಲೇ ಇದ್ವಿ.

ತಾಯಿ ಸೆರಗು ಮುಚ್ಚಿಕೊಂಡದ್ದನ್ನು ಕಂಡು ಮುರಿಗೆವ್ವ ರಾಗ ತೆಗೆದಳು. ಸುಹಾಸಿನಿ ಎದ್ದು, ರೂಢಿಯಂತೆ ಅವಳನ್ನು ಎಡ ಬಗಲಿಗೆ ಎತ್ತಿಕೊಂಡಳು. ರೂಢಿಯಂತೆಯೇ ಬಲಗೈಯಲ್ಲಿ ಒಂದು ಹಾಳೆ ಎತ್ತಿಕೊಂಡಳು. ನೋಡಿದಳು. ಅದನ್ನಿಟ್ಟು ಇನ್ನೊಂದನ್ನು ಎತ್ತಿ ನೋಡಿದಳು.

ಸುಹಾಸಿನಿ: ಮಕಬೂಲಸಾಬರ, ನೆಟ್ಟಗ ಆತಲ್ರಿ.

ಮಕಬೂಲಸಾಬ: ಏನು?

ಸುಹಾಸಿನಿ: ಸಮುದ್ರ. ಬಂದು ನೋಡ್ರಿ.

ಮಕಬೂಲಸಾಬ ಬಂದು ನೋಡಿದ. ಬಗಲಿನ ಕೂಸಿಗೆ ಸರಿತೂಗಲು ಅವಳ ಮೈ ಬಲಕ್ಕೆ ವಾಲಿತ್ತು, ಮೈಯೊಂದಿಗೆ ಕೈ ವಾಲಿತ್ತು, ಕೈಯೊಂದಿಗೆ ಹಾಳೆ ವಾಲಿತ್ತು. ಗಿಳಿಗಳೆಲ್ಲ ಬಲಕ್ಕೆ ಜಾರುತ್ತಿದ್ದವು. ನಡುವೆ ಕಡಲು ಮಾತ್ರ ತಟ್ಟೆಯಲ್ಲಿಟ್ಟ ಹಾಲಿನಂತೆ ಸಮನಾಗಿ ನಿಂತಿತ್ತು.

ಮಕಬೂಲಸಾಬ: ಖರೇ ಐತ್ರಿ. ಹಂಗಾರ ಬ್ಲಾಕು ಮುಟ್ಟೂದು ಬ್ಯಾಡ, ದೀಪಸ್ತಂಭದ ತಲೀನೂ ಉಳೀತು. ಆ ಮದಲನೇ ಸಾಲು ತಗೀತೇವಲ್ಲ, ಅಲ್ಲಿ ಒಂದು ಸೂಚನಾ ಕೂಡ್ರಿಸ್ತೇನಿ: “ಓದುಗರು ಎಡ ಬಗಲಲ್ಲಿ ಒಂದು ಕೂಸನ್ನು ಎತ್ತಿಕೊಂಡು ನೋಡತಕ್ಕದ್ದು.”

ಸುಹಾಸಿನಿ: ಕೂಡ್ರಸ್ರಿ. ಧಾರವಾಡದವರಿಗೆ ಕೂಸಿನ ಬರ ಇಲ್ಲ.

ಶಿವಬಸವ್ವ: ಮತ್ತ ನಂದು? ನಂದೂ ನೋಡು ಒಮ್ಮೆ.

ಸುಹಾಸಿನಿ ಮುಖಪುಟದ ಹಾಳೆಯನ್ನು ಎತ್ತಿ ಹಿಡಿದಳು. ಬಹಳ ಹೊತ್ತು, ಉಸಿರು ಬಿಗಿಹಿಡಿದು ನೋಡಿದಳು.

ಸುಹಾಸಿನಿ: ಹೇಳಾಕ ಜೀವ ಹಿಂಜರೀತೈತಿ ಅತ್ತೀ. ಇಡೀ ಪುಸ್ತಕದಾಗ ನಿಮ್ಮದೊಂದ ಸೊಟ್ಟ ಐತಿ.